ನೋಡಿ ಆಡುವವರು, ನೋಡದೆ ಆಡುವವರು

ದೀಪಾವಳಿ ಬಂತೆಂದರೆ ಮುಂಬಯಿ ಮಹಾನಗರದ ಗುಜರಾತಿ, ಮಾರ್ವಾಡಿ ಮನೆಗಳಲ್ಲಿ ಲಕ್ಷ್ಮೀಪೂಜೆ ಮುಗಿಯುತ್ತಿದ್ದಂತೆ ಇಸ್ಪೀಟಿನ ಕಟ್ಟು ಹೊರಬರುವುದು ಹೊಸ ಸುದ್ದಿಯೇನಲ್ಲ. ಆದರೆ ಊರಿನಲ್ಲಿ ಬಲೀಂದ್ರನನ್ನು ಕರೆದು, ಗದ್ದೆಗೆ ದೀಪವಿಟ್ಟು, ಗೋಪೂಜೆ ಮಾಡಿ ಬೆಳೆದ ತುಳು-ಕನ್ನಡಿಗರಿಗೆ ಇದು ಹುಟ್ಟಿನಿಂದ ಬಂದ ಸಂಪ್ರದಾಯವಲ್ಲ. ಹಳೆ ಮೈಸೂರು ಕಡೆಯವರಿಗೆ ಯುಗಾದಿಯ ಜೂಜು ಗೊತ್ತು. ಕರಾವಳಿಯವರಿಗೆ ಕೋಳಿ ಅಂಕದ ಬದಿಯ ‘ಉಲಾಯಿ-ಪಿದಾಯಿ’ ಗೊತ್ತು. ದೀಪಾವಳಿಯ ತೀನ್ ಪತ್ತಿ ಮಾತ್ರ ಇಲ್ಲಿನ ಚಾಳುಗಳಲ್ಲಿ, ಸೊಸೈಟಿಗಳಲ್ಲಿ ನೆರೆಮನೆಯವರನ್ನು ನೋಡಿ ಕಲಿತದ್ದು.

ಡೊಂಬಿವಲಿ ಪೂರ್ವದ ಹಳೆಯ ಸೊಸೈಟಿಯೊಂದರ ಎರಡನೇ ಮಹಡಿಯಲ್ಲಿ ಇಂಥದೊಂದು ಕೂಟ ಇಪ್ಪತ್ತಕ್ಕೂ ಮಿಕ್ಕಿದ ವರ್ಷಗಳಿಂದ ನಡೆದು ಬಂದಿದೆ. ಆಡುವವರು ಏಳು ಮಂದಿ. ಎಲ್ಲರೂ ಪರಿಸರದ ಕನ್ನಡ ಸಂಘದವರು. ನಾಡಹಬ್ಬಕ್ಕೆ ಕುರ್ಚಿ ಹಾಕಿಸುವವರು, ಯಕ್ಷಗಾನಕ್ಕೆ ಟಿಕೆಟು ಮಾರುವವರು, ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರದ ಮೇಲೆ ಜಗಳವಾಡುವವರು ಇವರೇ. ಹೆಸರು ಪತ್ರಿಕೆಯಲ್ಲಿ ಬರಬಾರದು ಎಂಬುದು ಅವರ ಒಕ್ಕೊರಲ ಷರತ್ತು. “ಊರಲ್ಲಿ ಅಮ್ಮ ಪೇಪರು ಓದ್ತಾರೆ ಮಾರಾಯ್ರೆ” ಎಂದು ಅರವತ್ತು ದಾಟಿದ ಹೋಟೆಲ್ ಮಾಲಕರು ಹೇಳುವಾಗ ಅದು ತಮಾಷೆಯೋ ನಿಜವೋ ತಿಳಿಯುವುದಿಲ್ಲ.

ಮೇಜಿನ ಮೇಲೆ ನೋಟು, ನಾಣ್ಯ ಕಾಣುವುದಿಲ್ಲ. ಮನೆಯೊಡತಿಯ ತಾಯಿ ಹಿಂದೊಮ್ಮೆ ಊರಿನಿಂದ ಬಾಟ್ಲಿ ತುಂಬ ಕಳುಹಿಸಿದ್ದ, ಚೆನ್ನೆಮಣೆ ಆಡುವ ಕೆಂಪು ಮಂಜೊಟ್ಟಿ ಬೀಜಗಳೇ ಇಲ್ಲಿನ ಹಣ. ಬೀಜವೊಂದಕ್ಕೆ ಐದು ರೂಪಾಯಿ. ಒಬ್ಬರಿಗೆ ನೂರೇ ಬೀಜ, ಅಂದರೆ ರಾತ್ರಿಯೊಂದಕ್ಕೆ 500 ರೂಪಾಯಿ. ಅದು ಮುಗಿದವರು ಸಾಲ ಕೇಳುವಂತಿಲ್ಲ, ಅಡುಗೆಮನೆಗೆ ಹೋಗಿ ಎಲ್ಲರಿಗೂ ಚಹಾ ಮಾಡಬೇಕು. ಒಮ್ಮೆಗೆ ಎಂಟು ಬೀಜಕ್ಕಿಂತ ಹೆಚ್ಚು ಹಾಕುವಂತಿಲ್ಲ. ಮನೆಯವರು ಒಂದು ಪೈಸೆಯ ಪಾಲು ತೆಗೆದುಕೊಳ್ಳುವುದಿಲ್ಲ. ಮನೆಯವನು ಪಾಲು ತೆಗೆದ ಕ್ಷಣವೇ ಮನೆ ಅಡ್ಡೆಯಾಗುತ್ತದೆ ಎಂಬುದು 1887ರ ಮುಂಬಯಿ ಜೂಜು ತಡೆ ಕಾಯಿದೆ ಓದದವರಿಗೂ ತಿಳಿದ ವಿಚಾರ.

ಮುಕ್ಕಾಲು ಪಾಲು ಬರಿಗೈ

ಇಂಗ್ಲೆಂಡಿನ ‘ಬ್ರ್ಯಾಗ್’ ಎಂಬ ಹಳೆಯ ಆಟದಿಂದ ಬಂದ ತೀನ್ ಪತ್ತಿ, ಪೋಕರ್‌ಗೆ ಹತ್ತಿರದ ನೆಂಟ. ಪ್ರತಿಯೊಬ್ಬರಿಗೆ ಮೂರು ಎಲೆ. ಎಲೆ ನೋಡದೆ ಆಡುವುದು ಬ್ಲೈಂಡ್, ನೋಡಿ ಆಡುವುದು ಚಾಲ್, ಬಿಟ್ಟುಬಿಡುವುದು ಪ್ಯಾಕ್. ಸೈಡ್ ಶೋ ಬಿಟ್ಟರೆ, ಇನ್ನೊಬ್ಬರ ಎಲೆ ಕಾಣುವುದು ಕೊನೆಗೆ ಇಬ್ಬರೇ ಉಳಿದು ಶೋ ಆದಾಗ ಮಾತ್ರ.

52 ಎಲೆಗಳಲ್ಲಿ ಮೂರನ್ನು ಆರಿಸುವ ರೀತಿಗಳು ಒಟ್ಟು 22,100. ಅದರಲ್ಲಿ 16,440 ಕೈಗಳಲ್ಲಿ ಏನೂ ಇರುವುದಿಲ್ಲ. ಜೋಡಿಯಿಲ್ಲ, ಸೀಕ್ವೆನ್ಸ್ ಇಲ್ಲ, ಒಂದೇ ಬಣ್ಣವೂ ಇಲ್ಲ. ಅಂದರೆ ನಾಲ್ಕರಲ್ಲಿ ಮೂರು ಸಲ ಮನುಷ್ಯನ ಕೈಯಲ್ಲಿರುವುದು ಬರಿಯ ಕಾಗದ. ಏಳು ಜನ ಕುಳಿತಲ್ಲಿ ಸುಮಾರು ಎಂಟು ಆಟಕ್ಕೊಮ್ಮೆ ಯಾರ ಕೈಯಲ್ಲೂ ಒಂದು ಜೋಡಿ ಕೂಡ ಇರುವುದಿಲ್ಲ. ಆದರೂ ಯಾರಾದರೊಬ್ಬರು ಗೆಲ್ಲಲೇಬೇಕು. ಹಾಗೆ ಗೆಲ್ಲಿಸುವುದು ಎಲೆಯಲ್ಲ, ಆಸಾಮಿ.

ಈ ಲೆಕ್ಕವನ್ನು ಪ್ರತಿವರ್ಷ ತಪ್ಪದೆ ಒಪ್ಪಿಸುವವರು ನಿವೃತ್ತ ಬ್ಯಾಂಕ್ ಅಧಿಕಾರಿ. ಅವಿಭಜಿತ ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಬ್ಯಾಂಕೊಂದರಲ್ಲಿ ಮೂವತ್ತೈದು ವರ್ಷ ದುಡಿದವರು. ಆ ಬ್ಯಾಂಕು ಇನ್ನೊಂದರಲ್ಲಿ ವಿಲೀನವಾಗಿ ಹೋಯಿತು, ಇವರ ಶಿಸ್ತು ಹೋಗಲಿಲ್ಲ. ಮೂರು ಒಂದೇ ಎಲೆಯ ಟ್ರೇಲ್ 52 ಬಗೆಯಲ್ಲಿ ಬರಬಹುದು, ಪ್ಯೂರ್ ಸೀಕ್ವೆನ್ಸ್ ಬರೇ 48 ಬಗೆಯಲ್ಲಿ. ಹಾಗಿದ್ದೂ ಅಪರೂಪದ್ದನ್ನು ಕೆಳಗಿಟ್ಟು ಟ್ರೇಲನ್ನು ಮೇಲಿಟ್ಟದ್ದು ಅನ್ಯಾಯ ಎಂಬುದು ಅವರ ವಾರ್ಷಿಕ ದೂರು. ಯಾರೂ ಕಿವಿಗೊಡುವುದಿಲ್ಲ.

ಅವರು ಎಲೆ ಬಂದ ಕೂಡಲೇ ಎತ್ತಿ ನೋಡುತ್ತಾರೆ. ಕನ್ನಡಕ ಸರಿಪಡಿಸಿಕೊಳ್ಳುತ್ತಾರೆ. ಪ್ಯಾಕ್. ಮುಂದಿನ ಆಟ, ಮತ್ತೆ ಪ್ಯಾಕ್. ಗಂಟೆಗೊಮ್ಮೆ ಎರಡು ಬೀಜ ಮುಂದೆ ತಳ್ಳಿದರೆಂದರೆ ಉಳಿದ ಆರು ಜನರೂ ಬೆಂಕಿ ಕಂಡವರಂತೆ ಎಲೆ ಕೆಳಗಿಡುತ್ತಾರೆ. ಸಿಗುವುದು ಮೊದಲು ಎಲ್ಲರೂ ಹಾಕಿದ ಏಳು ಬೀಜ, ಅಷ್ಟೇ. ಸಾಲ ಕೊಡುವಾಗಲೂ ಹೀಗೇ ಇದ್ದರು, ಇವರ ಶಾಖೆಯಲ್ಲಿ ಸಾಲ ಮುಳುಗಿದ್ದಿಲ್ಲ, ಹೆಚ್ಚು ಯಾರಿಗೂ ಸಿಕ್ಕಿದ್ದೂ ಇಲ್ಲ ಎಂಬುದು ಗೆಳೆಯರ ಕುಹಕ.

ಇದಕ್ಕೆ ನೇರ ವಿರುದ್ಧ ಹೋಟೆಲ್ ಮಾಲಕರು. ಅವರ ಮೂರು ಎಲೆ ಕವುಚಿ ಬಿದ್ದಲ್ಲೇ ಇರುತ್ತದೆ, ಅದರ ಮೇಲೆ ಅವರ ಚಹಾದ ಲೋಟ. ಬ್ಲೈಂಡ್, ಮತ್ತೆ ಬ್ಲೈಂಡ್. ಹದಿನಾಲ್ಕರ ಹರೆಯದಲ್ಲಿ ಊರು ಬಿಟ್ಟು ಬಂದು, ಫೋರ್ಟಿನ ಹೋಟೆಲೊಂದರಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮುಗಿಸಿ, ಕೊನೆಗೆ ಸ್ವಂತ ಹೋಟೆಲ್ ಹಾಕಿದವರು. “ನೋಡಿ ಆಡಿದ್ರೆ ನಾನು ಹೋಟೆಲ್ ಹಾಕ್ತಿದ್ನಾ? ನೋಡಿದ್ರೆ ಹೆದರಿಕೆ ಆಗ್ತದೆ” ಎಂಬುದು ಅವರ ತತ್ವ. ಇದು ಬರಿಯ ಹುಂಬತನ ಎಂದುಕೊಂಡರೆ ತಪ್ಪು. ಬ್ಲೈಂಡ್ ಆಡುವವನು ಒಂದು ಬೀಜ ಹಾಕಿದರೆ ನೋಡಿದವನು ಎರಡು ಹಾಕಬೇಕೆಂಬುದು ಆಟದ ನಿಯಮ. ಅಜ್ಞಾನಕ್ಕೆ ಅರ್ಧ ರಿಯಾಯಿತಿ ಕೊಡುವ ಆಟ ಇದು. ಅದನ್ನು ಅವರಷ್ಟು ಚೆನ್ನಾಗಿ ಬಳಸಿಕೊಂಡವರು ಆ ಮೇಜಿನಲ್ಲಿ ಬೇರೊಬ್ಬರಿಲ್ಲ.

ಪುಣೆಯ ಸಾಫ್ಟ್‌ವೇರ್ ಕಂಪೆನಿಯಲ್ಲಿರುವ, ಮನೆಯ ಯಜಮಾನರ ಸೋದರಳಿಯ ಐದು ವರ್ಷಗಳ ಹಿಂದೆ ಈ ಕೂಟಕ್ಕೆ ಸೇರಿದಾಗ ಎಲ್ಲರನ್ನೂ ಸೋಲಿಸುವ ಉತ್ಸಾಹದಲ್ಲಿದ್ದ. ಗೆಳೆಯರೊಂದಿಗೆ ಪೋಕರ್ ಆಡುವ ಹುಡುಗ. ಎದುರಾಳಿಗಳನ್ನು ಬಿಗಿ-ಸಡಿಲ, ಮೆತ್ತಗೆ-ಜೋರು ಎಂದು ನಾಲ್ಕು ಖಾನೆಗಳಲ್ಲಿ ಹಾಕುವುದು, ಯಾವ ಸ್ಥಾನದಲ್ಲಿ ಕುಳಿತರೆ ಲಾಭ ಎಂದು ಎಣಿಸುವುದು, ಕಣ್ಣು-ಕೈ ಗಮನಿಸುವುದು ಎಲ್ಲ ಅವನಿಗೆ ಗೊತ್ತು. ಅವನು ಆಡುವ ಪೋಕರಿನಲ್ಲಿ ಮಧ್ಯದ ಐದು ಎಲೆ ಎಲ್ಲರಿಗೂ ಕಾಣುತ್ತದೆ, ನಾಲ್ಕು ಸುತ್ತು ಪಣ ನಡೆಯುತ್ತದೆ, ಸುತ್ತಿಗೊಂದಷ್ಟು ಸುಳಿವು ಸಿಗುತ್ತದೆ. ತೀನ್ ಪತ್ತಿಯಲ್ಲಿ ಸುಳಿವೆಂದರೆ ಮನುಷ್ಯನ ಮುಖವೊಂದೇ. ಆದರೆ ತನ್ನ ಕೈಯಲ್ಲಿ ಏನಿದೆಯೆಂದು ತನಗೇ ತಿಳಿಯದವನ ಮುಖದಲ್ಲಿ ಓದುವುದಾದರೂ ಏನನ್ನು? ಮೊದಲ ವರ್ಷ ಹುಡುಗ ರಾತ್ರಿ ಹನ್ನೊಂದೂವರೆಗೇ ಚಹಾ ಮಾಡಲು ಎದ್ದ.

ಯಜಮಾನರು ಕಾರ್ಖಾನೆಯೊಂದರಲ್ಲಿ ತಯಾರಾದ ಸಾಮಾನಿನ ಗುಣಮಟ್ಟ ಪರೀಕ್ಷಿಸುವವರು. ಸಂದೇಹ ಅವರ ವೃತ್ತಿಧರ್ಮ. ಪಕ್ಕದವರ ಎಲೆ ನೋಡದೆ ಅವರಿಂದ ಇರಲಾಗದು. ಸೈಡ್ ಶೋ ಕೇಳಿಯೇ ಸಿದ್ಧ, ಕೇಳಿ ಸೋಲುವುದೂ ಅಷ್ಟೇ ಖಚಿತ. ಟೂರಿಸ್ಟ್ ಬಸ್ಸಿನ ಬುಕಿಂಗ್ ಮಾಡುವ ಇನ್ನೊಬ್ಬರು ಮೊದಲೇ ಪ್ಯಾಕ್ ಮಾಡಿ, ಆಟ ಮುಗಿದ ಮೇಲೆ “ನಾನು ಇಟ್ಟುಕೊಂಡಿದ್ರೆ ನಂದೇ” ಎಂದು ಎಲ್ಲರಿಗೂ ತೋರಿಸುವವರು. ಇಂಥವರೊಬ್ಬರಿಲ್ಲದ ಇಸ್ಪೀಟಿನ ಮೇಜು ಮುಂಬಯಿಯಲ್ಲಿ ಇರಲಾರದು, ಲೋಕಲ್ ರೈಲಿನ ಬ್ರೀಫ್‌ಕೇಸಿನ ಮೇಲೆ ಆಡುವ ಗುಂಪುಗಳಲ್ಲಿ ಕೂಡ.

ಮನೆಯೊಡತಿಯ ಆಟವನ್ನು ಗಂಡಸರು ಬಹಳ ವರ್ಷ ಗಮನಿಸಲೇ ಇಲ್ಲ. ಎಲ್ಲರೂ ‘ಅಕ್ಕ’ ಎನ್ನುವ ಅವರು ಆಟದ ಮಧ್ಯೆ “ಹಾಲು ಉಕ್ಕುತ್ತದೆ” ಎಂದು ಎದ್ದು ಹೋಗುತ್ತಾರೆ, ಎಲೆ ಇಟ್ಟುಬಿಟ್ಟು. ಹಾಲು ಉಕ್ಕುವುದು ಕೆಟ್ಟ ಎಲೆ ಬಂದಾಗ ಮಾತ್ರ ಎಂದು ಪತ್ತೆ ಹಚ್ಚಿದ್ದು ಪುಣೆಯ ಹುಡುಗ. ಎದ್ದು ಹೋದವರನ್ನು ಯಾರೂ ಹೆದರಿದರು ಎನ್ನುವುದಿಲ್ಲ. ವರ್ಷ ವರ್ಷವೂ ಮೂವತ್ತು, ನಲವತ್ತು ಬೀಜ ಗೆದ್ದು ಏಳುವವರು ಅವರೇ. ದೊಡ್ಡ ಗೆಲುವೂ ಇಲ್ಲ, ಸೋತದ್ದೂ ನೆನಪಿಲ್ಲ.

ಬುದ್ಧಿಯ ಆಟ ಎಂಬ ಮಾತು

ಏಳನೆಯವರು ರಾತ್ರಿಶಾಲೆಯ ಮಾಸ್ತರರು. ತೀನ್ ಪತ್ತಿ ಅವರಿಗೆ ಸಲ್ಲ. ರಾತ್ರಿ ಹತ್ತರವರೆಗೆ ನಡೆಯುವ ರಮ್ಮಿಯಲ್ಲಿ ಅವರೇ ರಾಜ. ಯಾರು ಯಾವ ಎಲೆ ಎಸೆದರು, ಯಾರು ಯಾವುದನ್ನು ಎತ್ತಿಕೊಂಡರು ಎಂಬುದು ಹಾಜರಿ ಪುಸ್ತಕದಷ್ಟು ಸ್ಪಷ್ಟವಾಗಿ ನೆನಪಿರುತ್ತದೆ. 1968ರಲ್ಲಿ ಸುಪ್ರೀಂ ಕೋರ್ಟು ಸಿಕಂದರಾಬಾದಿನ ಕ್ಲಬ್ಬೊಂದರ ಪ್ರಕರಣದಲ್ಲಿ, ರಮ್ಮಿ ಮುಖ್ಯವಾಗಿ ಜಾಣ್ಮೆಯ ಆಟ, ಬಿದ್ದ ಎಲೆ ನೆನಪಿಡಬೇಕು, ಯಾವುದನ್ನು ಹಿಡಿಯಬೇಕು ಬಿಡಬೇಕು ಎಂದು ತಿಳಿದಿರಬೇಕು ಎಂದಿತು. ಮೂರೆಲೆ ಆಟವನ್ನು ಬರಿಯ ಅದೃಷ್ಟದ್ದೆಂದು ಬದಿಗೆ ಸರಿಸಿತು. ಈ ತೀರ್ಪನ್ನು ಮಾಸ್ತರರು ಪಾಠದಂತೆ ಒಪ್ಪಿಸುತ್ತಿದ್ದರು. “ರಮ್ಮಿ ಜೂಜಲ್ಲ, ಬುದ್ಧಿಯ ಆಟ.”

ಈಗ ಹೇಳುವುದಿಲ್ಲ. ಅದಕ್ಕೊಂದು ಕಾರಣವಿದೆ.

ಮೇಜಿಗೆ ಎಂಟನೆಯವರೊಬ್ಬರಿದ್ದರು. ಖಾಸಗಿ ಕಂಪೆನಿಯಲ್ಲಿ ಸ್ಟೋರ್ ಕೀಪರ್, ನಲವತ್ತರ ಆಸುಪಾಸು, ಇಬ್ಬರು ಮಕ್ಕಳು. ಆಟದಲ್ಲಿ ಎಂದೂ ಎದ್ದು ಕಂಡವರಲ್ಲ. ಚೆನ್ನಾಗಿ ಸೋಲುತ್ತಿದ್ದರು, ಅಂದರೆ ನಗುತ್ತಾ ಸೋತು ಚಹಾಕ್ಕೆ ಏಳುತ್ತಿದ್ದರು. 2020ರ ಲಾಕ್‌ಡೌನಿನಲ್ಲಿ ಕೂಟ ನಿಂತಿತು. ಮನೆಯಲ್ಲಿ ಕುಳಿತ ಅವರು ಮೊಬೈಲಿನಲ್ಲಿ ರಮ್ಮಿ ಹಿಡಿದರು. ಟಿ.ವಿ. ಹಾಕಿದರೆ ಸಿನಿಮಾ ತಾರೆಯರೇ ಆಡಿ ಎಂದು ಕರೆಯುತ್ತಿದ್ದ ಕಾಲ. ಆಟ ನಡೆಸುವ ಕಂಪೆನಿಗಳು ಮುಂದಿಡುತ್ತಿದ್ದುದು ಇದೇ ಜಾಣ್ಮೆಯ ಮಾತನ್ನು. ಹೆಂಡತಿ ಕೇಳಿದಾಗ ಅವರು ಕೊಟ್ಟ ಉತ್ತರವೂ ಅದೇ. ಮಾಸ್ತರರೇ ಹೇಳಿದ್ದಾರೆ, ಕೋರ್ಟೇ ಹೇಳಿದೆ, ಇದು ಬುದ್ಧಿಯ ಆಟ.

ಮೊಬೈಲಿನ ಮೇಜಿನಲ್ಲಿ ಅವರೆದುರು ನೂರು ಬೀಜದ ಮಿತಿಯಿರಲಿಲ್ಲ. ಖಾಲಿಯಾದರೆ ಚಹಾ ಮಾಡಲು ಏಳಬೇಕಾಗಿರಲಿಲ್ಲ, ಬೆರಳು ಒತ್ತಿದರೆ ಮತ್ತೆ ತುಂಬುತ್ತಿತ್ತು. “ಸಾಕು ಮಾರಾಯಾ, ಮನೆಗೆ ಹೋಗು” ಎನ್ನುವ ಒಬ್ಬ ಮನುಷ್ಯ ಅಲ್ಲಿರಲಿಲ್ಲ. ಎದುರಿಗಿದ್ದವರು ಯಾರೆಂದೇ ಗೊತ್ತಿಲ್ಲ. ಮೂರು ವರ್ಷಗಳಲ್ಲಿ ನಾಲ್ಕು ಲಕ್ಷಕ್ಕೂ ಮಿಕ್ಕಿ ಹೋಯಿತು, ಅದರಲ್ಲಿ ಅರ್ಧದಷ್ಟು ಸಾಲದ ಆ್ಯಪ್‌ಗಳಿಂದ ತಂದದ್ದು. 2023ರ ಮಳೆಗಾಲದಲ್ಲಿ ಒಂದೇ ವಾರದಲ್ಲಿ ಮೇಜಿನ ಮೂವರ ಬಳಿ, ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬರಲ್ಲಿ, ಮಗಳ ಫೀಸಿಗೆಂದು ಕೈಗಡ ಕೇಳಿದರು. ಮೂವರೂ ಸಂಘದ ಸಭೆಯೊಂದರ ನಂತರ ಮಾತಾಡಿಕೊಂಡಾಗ ಗುಟ್ಟು ಒಡೆಯಿತು.

ಇಸ್ಪೀಟಿನ ಮೇಜಿನಲ್ಲಿ ಮನುಷ್ಯನ ನಿಜಸ್ವಭಾವ ತಿಳಿಯುತ್ತದೆ ಎಂಬ ಮಾತಿದೆ. ಮುಂದೆ ನಡೆದದ್ದನ್ನು ನೋಡಿದರೆ ಅದನ್ನು ಪೂರ್ತಿ ನಂಬುವಂತಿಲ್ಲ. ಎಲ್ಲರೂ ಸೇರಿ ಅವರನ್ನು ಕರೆಸಿದ ದಿನ, ಹೆಚ್ಚು ಪ್ರಶ್ನೆ ಕೇಳಿದವರು ಹೋಟೆಲ್ ಮಾಲಕರು. ಎಲ್ಲಿ, ಯಾರಿಗೆ, ಎಷ್ಟು ಬಡ್ಡಿ, ಮೊಬೈಲ್ ತೋರಿಸು, ಬ್ಯಾಂಕಿನ ಪಾಸ್‌ಬುಕ್ ತೋರಿಸು. “ನೋಡದೆ ನಾನು ಒಂದು ರೂಪಾಯಿ ಕೊಡುವುದಿಲ್ಲ” ಎಂದರಂತೆ. ಐದು ರೂಪಾಯಿಯ ಬೀಜವನ್ನು ವರ್ಷಗಟ್ಟಲೆ ಕುರುಡಾಗಿ ಎಸೆದ ಮನುಷ್ಯ, ಹೋಟೆಲಿನ ಗಲ್ಲಾದಿಂದ ದುಡ್ಡು ತೆಗೆಯುವಾಗ ಎರಡು ಬಾರಿ ಎಣಿಸುವವರೆಂದು ಆ ತನಕ ಯಾರಿಗೂ ಹೊಳೆದಿರಲಿಲ್ಲ. ಅವರೇನೂ ಕೈಬಿಡಲಿಲ್ಲ. ಸಾಲದ ಆ್ಯಪ್‌ನವರು ಬೆದರಿಸಿ ಫೋನು ಮಾಡಿದಾಗ ಉತ್ತರ ಕೊಟ್ಟವರು, ಪೊಲೀಸ್ ಠಾಣೆಗೆ ಜತೆಗೆ ಹೋದವರು ಅವರೇ. ಆದರೆ ಕಾಗದ ನೋಡಿಯೇ ಹೋದರು.

ಬ್ಯಾಂಕ್ ಅಧಿಕಾರಿ ಆ ದಿನ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಅವರ ಮನೆಗೆ ಹೋಗಿ, ಹೆಂಡತಿಯ ಹೆಸರಿಗೆ ಚೆಕ್ಕೊಂದನ್ನು ಬರೆದು ಕೊಟ್ಟು ಬಂದರು. ಮೊತ್ತ ಎಷ್ಟೆಂದು ಇಂದಿಗೂ ಮೇಜಿನಲ್ಲಿ ಯಾರಿಗೂ ತಿಳಿಯದು. ಪತ್ರವಿಲ್ಲ, ಜಾಮೀನಿಲ್ಲ, ಯಾವಾಗ ಕೊಡುತ್ತೀ ಎಂಬ ಮಾತಿಲ್ಲ. ಅವರ ಮಡದಿಯೇ ಇದನ್ನು ಅಕ್ಕನಲ್ಲಿ ಹೇಳಿಕೊಂಡದ್ದು, ಅದೂ ಸ್ವಲ್ಪ ಸಿಟ್ಟಿನಿಂದಲೇ.

ಕೂಟವನ್ನು ನಿಲ್ಲಿಸಬೇಕೆಂದು ಮಾಸ್ತರರು ಹೇಳಿದರು. ತಾನು ಆಡಿದ ಮಾತು ಇನ್ನೊಬ್ಬನ ಮನೆಗೆ ಬೆಂಕಿಯಾಗಿ ಹೋಯಿತೆಂಬ ಕೊರಗು ಅವರನ್ನು ಬಹಳ ಕಾಡಿತ್ತು. ಯಕ್ಷಗಾನ ನೋಡುವವರಿಗೆ ನಳನ ಕಥೆ ಹೊಸದಲ್ಲ. ಪುಷ್ಕರನೊಂದಿಗೆ ಆಡಿ ರಾಜ್ಯ ಕಳಕೊಂಡು ಕಾಡು ಸೇರಿದವನು, ಋತುಪರ್ಣನಿಂದ ಅಕ್ಷಹೃದಯ ಕಲಿತು ಮರಳಿ ಬಂದು ಗೆದ್ದು, ಪುಷ್ಕರನಿಗೆ ಅವನ ಪಾಲನ್ನು ಹಿಂದಿರುಗಿಸಿದ. ಅದು ಕಥೆ. ಸ್ಟೋರ್ ಕೀಪರಿಗೆ ಅಕ್ಷಹೃದಯ ಕಲಿಸುವವರು ಯಾರೂ ಇರಲಿಲ್ಲ, ಕಲಿಯುವುದೂ ಬೇಕಾಗಿರಲಿಲ್ಲ, ಬಿಡುವುದಷ್ಟೇ ಬೇಕಾಗಿತ್ತು. ಕೂಟ ನಿಲ್ಲಬಾರದು ಎಂದವರು ಮಾತ್ರ ಅವರೇ. “ನನ್ನಿಂದ ನಿಂತಿತು ಅಂತ ಆದ್ರೆ ನಾನು ಸಂಘಕ್ಕೆ ಮುಖ ತೋರಿಸುವುದು ಹೇಗೆ?” ಎಂದರು. ಆಡುವುದಿಲ್ಲ, ಬಂದು ಕೂರುತ್ತೇನೆ ಎಂದರು. ಅದು ಸರಿಯೋ ತಪ್ಪೋ ಎಂದು ಅಕ್ಕನಿಗೆ ಈಗಲೂ ಅನುಮಾನವಿದೆ. ಮೊದಲ ವರ್ಷ ಅವರನ್ನು ಅಡುಗೆಮನೆಯ ಬಾಗಿಲಲ್ಲೇ ಮಾತಿಗೆ ಹಿಡಿದು ಕೂರಿಸಿದ್ದರು.

2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯಿದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಜಾಣ್ಮೆಯದ್ದು, ಅದೃಷ್ಟದ್ದು ಎಂಬ ಭೇದವಿಲ್ಲದೆ ನಿಷೇಧಿಸಿತು. ಸುದ್ದಿ ಬಂದ ಸಂಜೆ ಸ್ಟೋರ್ ಕೀಪರ್ ಪತ್ರಿಕೆ ಹಿಡಿದು ಮಾಸ್ತರರ ಮನೆಗೆ ಹೋಗಿದ್ದರು. ಇಬ್ಬರೂ ಹೆಚ್ಚೇನೂ ಮಾತಾಡಲಿಲ್ಲವಂತೆ.

ಕೊನೆಯ ಆಟ

ಆ ವರ್ಷದ ದೀಪಾವಳಿಗೆ ಸ್ಟೋರ್ ಕೀಪರ್ ಮೇಜಿನ ಬದಿಯಲ್ಲೇ ಕುಳಿತರು. ಬೀಜ ಎಣಿಸಿ ಕೊಡುವುದು, ಲೆಕ್ಕ ಬರೆಯುವುದು, ಆಟ ಮುಗಿದಾಗ ಎಲೆ ಹೆಕ್ಕಿ ಕಲಸುವುದು ಅವರ ಕೆಲಸ. ಹಂಚುವುದನ್ನು ಆಡುವವರೇ ಮಾಡುತ್ತಾರೆ.

ರಾತ್ರಿ ಎರಡು ದಾಟಿತ್ತು. ಕೊನೆಯ ಆಟ ಎಂದು ಅಕ್ಕ ಘೋಷಿಸಿದರು. ಐವರು ಬೇಗ ಬೇಗ ಪ್ಯಾಕ್ ಮಾಡಿದರು, ಹಾಲೂ ಉಕ್ಕಿತು. ಉಳಿದವರು ಇಬ್ಬರು. ಲೋಟದಡಿಯಲ್ಲಿ ಎಲೆ ಇಟ್ಟ ಹೋಟೆಲ್ ಮಾಲಕರು, ಎಲೆ ನೋಡಿ ಕನ್ನಡಕ ಸರಿಪಡಿಸಿಕೊಂಡ ಬ್ಯಾಂಕ್ ಅಧಿಕಾರಿ. ನೋಡಿದವನು ಬ್ಲೈಂಡ್ ಆಡುವವನಲ್ಲಿ ಶೋ ಕೇಳುವಂತಿಲ್ಲ ಎಂಬುದು ಅಲ್ಲಿನ ನಿಯಮ. ಒಂದೋ ಹಾಕುತ್ತಲೇ ಹೋಗಬೇಕು, ಇಲ್ಲವೇ ಬಿಡಬೇಕು. ಅಧಿಕಾರಿ ಎಂಟು ಬೀಜ ತಳ್ಳಿದರು. ಮಾಲಕರು ನಾಲ್ಕು. ಮತ್ತೆ ಎಂಟು, ಮತ್ತೆ ನಾಲ್ಕು. ಹೀಗೆ ನಾಲ್ಕು ಸುತ್ತು. ಬೀಜದ ರಾಶಿ ಎಪ್ಪತ್ತರ ಹತ್ತಿರ ಬಂತು. ಅಧಿಕಾರಿ ಇಷ್ಟು ದೂರ ಬಂದದ್ದನ್ನು ಈ ಮೇಜು ಕಂಡದ್ದಿಲ್ಲ. ಟ್ರೇಲೇ ಇರಬೇಕು ಎಂದು ಬಸ್ಸಿನ ಬುಕಿಂಗಿನವರು ಪಿಸುಗುಟ್ಟಿದರು.

ಹೋಟೆಲ್ ಮಾಲಕರು ಲೋಟ ಎತ್ತಿ ಬದಿಗಿಟ್ಟರು. ಆ ರಾತ್ರಿ ಮೊದಲ ಬಾರಿಗೆ ಎಲೆ ಎತ್ತಿ ನೋಡಿದರು. ಸ್ವಲ್ಪ ಹೊತ್ತು ಯೋಚಿಸಿ ತೆರೆದೇ ಕೆಳಗೆ ಹಾಕಿದರು. ಐದರ ಜೋಡಿ, ಮೇಲೊಂದು ರಾಣಿ. “ಪ್ಯಾಕ್. ನಿಮ್ಮ ಹತ್ತಿರ ಇದಕ್ಕಿಂತ ದೊಡ್ಡದು ಇಲ್ಲದಿದ್ರೆ ನೀವು ಹಾಕುವವರಲ್ಲ.”

ಅಧಿಕಾರಿ ತಮ್ಮ ಎಲೆಗಳನ್ನು ಕವುಚಿಯೇ ಮುಂದೆ ಸರಿಸಿ ಬೀಜ ಬಾಚಿಕೊಂಡರು. ಎಲ್ಲರೂ ಬಿಟ್ಟ ಮೇಲೆ ಗೆದ್ದವನು ತೋರಿಸಬೇಕೆಂದಿಲ್ಲ. ಸ್ಟೋರ್ ಕೀಪರ್ ಎಲೆ ಹೆಕ್ಕುವಾಗ ಆ ಮೂರು ಎಲೆ ಒಂದು ಕ್ಷಣ ಅವರ ಕಡೆಗೂ, ಪಕ್ಕದಲ್ಲಿದ್ದ ಅಕ್ಕನ ಕಡೆಗೂ ತಿರುಗಿದವು. ಇಸ್ಪೀಟಿನ ಮೂರು, ಆಠೀನಿನ ಏಳು, ಕಳಾವರಿನ ಗುಲಾಮ. ಹೋಟೆಲ್ ಮಾಲಕರಿಗೆ ಇದು ತಿಳಿಯುವುದು ಬಹುಶಃ ಈ ಪುಟದಿಂದಲೇ.

“ಎಂತ ಇತ್ತು ಮಾರಾಯಾ ಅವರತ್ರ?” ಎಂದು ಅವರು ಚಪ್ಪಲಿ ಹಾಕುತ್ತಾ ಕೇಳಿದರು.

ಸ್ಟೋರ್ ಕೀಪರ್ ಎಲೆಗಳನ್ನು ಕಟ್ಟಿನೊಳಗೆ ಸೇರಿಸಿ ಕಲಸತೊಡಗಿದ್ದರು. “ನಾನು ನೋಡಲಿಲ್ಲ ಅಣ್ಣಾ” ಎಂದರು.